ಶನಿವಾರ ನೋಡುವುದು, ಭಾನುವಾರ ಕೇಳುವುದು

ನಮ್ಮ ಊರಿನಲ್ಲಿ ಒಮ್ಮೆ ಕಟ್ಟಿದ ತೊಟ್ಟಿಲನ್ನು ಕದಲಿಸುವುದಿಲ್ಲ. ಗೋಡೆಗೆ ಸುಣ್ಣ ಬಳಿಯುವಾಗಲೂ ಅದರ ಸುತ್ತ ಬಳಿಯುತ್ತಾರೆ. ತಾಯಿ ಇವತ್ತು ಹತ್ತು ಗಂಟೆಗೆ ಹಾಡಿದ ಜೋಗುಳ ನಾಳೆ ಹತ್ತು ಗಂಟೆಗೆ, ಹಾಡಿದ ಜಾಗದಲ್ಲಿಯೇ ಕೇಳಿಸುತ್ತದೆ. ತೊಟ್ಟಿಲು ಎರಡು ಮಾರು ಆಚೆ ಹೋದರೆ ಜೋಗುಳ ಗೋಡೆಗೆ ಹಾಡಿದಂತಾಗುತ್ತದೆ. ದಿನ ತುಂಬಿದ ಬಸುರಿಯರು ಖಾಲಿ ತೊಟ್ಟಿಲ ಮುಂದೆ ಕೂತು ಬಾಯಾಡಿಸುವುದನ್ನು ಕಂಡರೆ ಹೊರಗಿನವರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ. ನಾವಂತೂ ತಲೆ ತಗ್ಗಿಸಿ ಆಚೆ ಹೋಗುತ್ತೇವೆ. ಹುಟ್ಟುವ ಕೂಸಿಗೆ ಮೊದಲ ದಿನವೇ ಹಾಡಿಲ್ಲದಿದ್ದರೆ ಹೇಗೆ?

ತಲೆ ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ. ಹಾಡುವವರ ಬಾಯಿಯಿಂದ ಆ ಗಳಿಗೆಗೆ ಏನೂ ಕೇಳಿಸುವುದಿಲ್ಲ. ಬಾಯಿ ಅಗಲವಾಗುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ಎಲ್ಲಿಗೋ ಹೋಗುತ್ತದೆ, ಅಷ್ಟೇ. ಅದನ್ನು ದಿಟ್ಟಿಸುವುದೆಂದರೆ ಇನ್ನೊಬ್ಬರು ಮೈ ತೊಳೆಯುವಾಗ ಬಚ್ಚಲಿಗೆ ಇಣುಕಿದಂತೆ. ಮಾತು ಆಗಲೇ ಕೇಳುತ್ತದೆ, ಬೈಗುಳ ಅದಕ್ಕಿಂತ ಬೇಗ. ಹಾರ್ಮೋನಿಯಂ ಪೇಟಿ, ತಬಲಾ, ಕೊಳಲು ಎಲ್ಲವೂ ಆಗಲೇ. ಮನುಷ್ಯರ ಗಂಟಲಿನಿಂದ ಹಾಡಾಗಿ ಹೊರಟದ್ದು ಮಾತ್ರ ನಾಳೆ. ನನ್ನ ಅಜ್ಜಿ ತೀರಿಕೊಂಡ ಮರುದಿನ ನಾಲ್ಕು ಗಂಟೆಗೆ ಬೀಸುಕಲ್ಲಿನ ಮೂಲೆಯಿಂದ ಅವಳ ಹಾಡು ಎದ್ದಿತು. ಮಣ್ಣು ಮಾಡಿ ಬಂದಿದ್ದ ನಾವೆಲ್ಲ ಕಾಲು ಕೂಡ ತೊಳೆಯದೆ ಅಂಗಳದಲ್ಲಿ ನಿಂತು ಕೇಳಿದೆವು. ನಡುವೆ ಎಲ್ಲೋ ಅವಳು ಕೆಮ್ಮಿದ್ದಳು.

ಊರ ಮಧ್ಯದ ಸಭಾಮಂದಿರದ ಬಾಗಿಲು ತೆಗೆಯುವುದು, ಹಾಕುವುದು ನನ್ನ ಕೆಲಸ. ಜೊತೆಗೆ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ನಿನ್ನೆ ಒಳಗೆ ಯಾರು, ಎಷ್ಟು ಗಂಟೆಗೆ, ಏನು ಹಾಡಿದರೆಂದು ಬರೆಯಬೇಕು. ಅದು ಸಣ್ಣ ಕೆಲಸವಲ್ಲ. ನನಗಿಂತ ಮುಂಚಿನವನು ಒಂದು ದಿನ ಬರೆಯಲು ಮರೆತಿದ್ದರಿಂದ ಹಿಟ್ಟಿನ ಗಿರಣಿಯ ಶಿವಲಿಂಗಪ್ಪನವರ ಶೋಕಸಭೆಯ ನಡುವೆ, ಹಿಂದಿನ ದಿನ ಮದುವೆಯವರು ಬೀಗರ ಹೊಟ್ಟೆಯನ್ನು ಗೇಲಿ ಮಾಡಿ ಹಾಡಿದ್ದು ಎದ್ದುಬಿಟ್ಟಿತು. ಎಲ್ಲರೂ ನೆಲ ನೋಡುತ್ತ ಕೂತಿದ್ದಾಗ ಮೊದಲು ನಕ್ಕವರು ಶಿವಲಿಂಗಪ್ಪನವರ ಹೆಂಡತಿಯಂತೆ. ಆದರೂ ಅವನ ಕೆಲಸ ಹೋಯಿತು, ನನಗೆ ಬಂತು.

ಸಂಗೀತ ನಾಟಕವನ್ನು ನಮ್ಮ ಊರು ಅಲ್ಲಿಯವರೆಗೆ ನೋಡಿರಲಿಲ್ಲ. ಹಳ್ಳದ ಸೇತುವೆಯ ಆಚೆ ದೊಡ್ಡ ರಸ್ತೆಯ ಮೇಲೆ ನಾಟಕ ಕಂಪನಿಯ ಲಾರಿಗಳು ಹೋಗುವುದನ್ನು ನೋಡಿದ್ದೆವು. ಒಂದರ ಹಿಂಬದಿಯಲ್ಲಿ ಸಿಂಹಾಸನ ತಲೆಕೆಳಗಾಗಿ ಹೋದದ್ದನ್ನು ನಾನೇ ಕಂಡಿದ್ದೆ. ಆ ವರ್ಷ ಊರಿನವರೆಲ್ಲ ಸೇರಿ ಒಂದು ಕಂಪನಿಗೆ ಕಾಗದ ಬರೆಸಿದರು. ಅವರು ಒಪ್ಪಿದ ಮೇಲೆ ದೊಡ್ಡ ಜಗಳವೇ ಆಯಿತು. ನಾಟಕಕ್ಕೆ ಹೋಗುವುದು ಯಾವತ್ತು? ಹಾಡಿನ ಕಾರ್ಯಕ್ರಮವಾದರೆ ಹಾಡುವ ದಿನ ಯಾರೂ ಹೋಗುವುದಿಲ್ಲ, ಮರುದಿನ ಹೋಗುತ್ತಾರೆ. ಆದರೆ ನಾಟಕದಲ್ಲಿ ರಾಜನಿರುತ್ತಾನೆ, ಕತ್ತಿ ಇರುತ್ತದೆ, ಅವು ಮರುದಿನ ಬರುವುದಿಲ್ಲ.

"ಇದರಾಗ ಜಗಳಾಡೂದು ಏನೈತ್ರಿ?" ಎಂದವಳು ನನ್ನ ಹೆಂಡತಿ ನೀಲಾ. "ಒಂದಿನ ನೋಡಾಕ ಹೋಗೂಣು, ಒಂದಿನ ಕೇಳಾಕ ಹೋಗೂಣು."

ಹಾಗಾಗಿ ಕರಿಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದೆ: ಸಂಗೀತ ನಾಟಕ, 'ರಾಣಿಯ ರೊಟ್ಟಿ'. ಶನಿವಾರ ಮೂರು ಗಂಟೆಗೆ ನೋಡುವುದು, ಭಾನುವಾರ ಮೂರು ಗಂಟೆಗೆ ಕೇಳುವುದು.

ಕಂಪನಿಯವರಿಗೂ ಒಂದು ಮಾತು ಹೇಳಬೇಕಾಗಿತ್ತು. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಮನೆಗೆ ಬಂದ ನೆಂಟರಿಗೆ ನಾವು ಹೇಳುವುದಿಲ್ಲವಲ್ಲ, ಹಾಗೆ ಇದನ್ನೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಲಾರಿ ಬಂತು. ಕಂಪನಿಯ ಮಾಲೀಕರು ಫಕೀರಪ್ಪ, ಎತ್ತರದ ಮನುಷ್ಯ. ದುಷ್ಟ ಮಂತ್ರಿಯ ಪಾತ್ರವೂ ಅವರದೇ. ಪೇಟಿ ಮಾಸ್ತರು ದಾವಲಸಾಬರು, ಎಪ್ಪತ್ತರ ಹತ್ತಿರದವರು, ಪೇಟಿಯನ್ನು ಮೊಮ್ಮಗುವಿನ ಹಾಗೆ ಎದೆಗವಚಿಕೊಂಡೇ ಇಳಿದರು. ಕೊನೆಗೆ ಇಳಿದವರು ಇಂದುಮತಿಬಾಯಿ. ಐವತ್ತೆರಡು ವರ್ಷ, ಮೂಗಿನಲ್ಲಿ ಹರಳಿನ ನತ್ತು. ಒಂದು ಕಾಲಕ್ಕೆ ಆ ಕಂಪನಿಯಲ್ಲಿ ಹಾಡುವವರೇ ಹನ್ನೊಂದು ಜನ ಇದ್ದರಂತೆ. ಈಗ ಉಳಿದವರೆಲ್ಲ ಮಾತಿನವರು. ನಾಟಕದ ಹನ್ನೊಂದು ಹಾಡನ್ನೂ ಹಾಡುವವರು ಇವರೊಬ್ಬರೇ.

ಫಕೀರಪ್ಪನವರು ಹಲಗೆ ಓದಿ ಕೇಳಿದರು, "ನಾಳೆ ಏನೈತ್ರಿ?"

"ನಾಳೆ ಕೇಳೂದ್ರಿ," ಎಂದೆ.

"ಯಾವುದೋ ಕೀರ್ತನಿ ಇರಬೇಕು," ಎಂದು ತಮಗೆ ತಾವೇ ಹೇಳಿಕೊಂಡು ಅವರು ಮೀಸೆ ಅಂಟಿಸಲು ಒಳಗೆ ಹೋದರು.

ಪರದೆ ಎದ್ದಾಗ ಮುನ್ನೂರು ಜನ ಒಮ್ಮೆಲೇ ಉಸಿರು ಎಳೆದುಕೊಂಡದ್ದು ನನಗೆ ಇನ್ನೂ ನೆನಪಿದೆ. ನಾನು ದಿನಾ ಕಸ ಗುಡಿಸುವ ಹಲಗೆಗಳ ಮೇಲೆ ಅರಮನೆ ನಿಂತಿತ್ತು. ಹಿಂದೆ ಕೊಳ, ಕೊಳದಲ್ಲಿ ಎರಡು ಹಂಸ, ಒಂದರ ಕುತ್ತಿಗೆ ಮಡಿಕೆಯಾದ ಕಡೆ ಬಣ್ಣ ಬಿಟ್ಟಿತ್ತು. ಒಂದು ತಾಸಿನ ಹಿಂದೆ ನನ್ನ ಹತ್ತಿರ ಚಹಾ ಕೇಳಿದ್ದ ಮನುಷ್ಯ ಈಗ ಕಪ್ಪು ಮೀಸೆ ತಿರುವುತ್ತ, ಮೋಸದ ಕಾಗದ ತೋರಿಸಿ ರಾಣಿಯನ್ನು ಅರಮನೆಯಿಂದ ಹೊರಗೆ ಹಾಕುತ್ತಿದ್ದ. ಚಹಾ ಕೊಡಬಾರದಿತ್ತು ಎಂದು ನನಗೆ ನಿಜವಾಗಿಯೂ ಅನಿಸಿತು. ನೀಲಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದಳು. ಹಗ್ಗದಿಂದ ಕಾಡು ಇಳಿದು ಬಂದಾಗ ಕೂಸನ್ನು ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ಮೊದಲ ಹಾಡು ಬಂತು. ದಾವಲಸಾಬರು ಪೇಟಿಯಲ್ಲಿ ಸ್ವರ ಕೊಟ್ಟರು. ಇಂದುಮತಿಬಾಯಿಯವರು ಎರಡು ಹೆಜ್ಜೆ ಮುಂದೆ ಬಂದು, ಕೈ ಎತ್ತಿ, ಬಾಯಿ ತೆರೆದರು. ಮುನ್ನೂರು ತಲೆಗಳು ಒಮ್ಮೆಲೇ ಕೆಳಗಾದವು.

ನನ್ನ ತಲೆಯೂ ಕೆಳಗಿತ್ತು. ಪಕ್ಕದ ಬಾಗಿಲ ಬಳಿ ನಿಂತವನಿಗೆ ಅವರ ಪಾದ ಮಾತ್ರ ಕಾಣುತ್ತಿತ್ತು. ಬೆರಳುಗಳು ಹಲಗೆಯನ್ನು ಹಿಡಿದುಕೊಂಡವು. ಪೇಟಿ ತಡವರಿಸಿತು, ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ಪಾದಗಳು ಇನ್ನೊಂದು ಹೆಜ್ಜೆ ಮುಂದೆ ಬಂದವು. ಪೇಟಿ ಮುಗಿದಾಗ ತಲೆಗಳು ಮೇಲೆದ್ದವು, ಮಾತು ಮುಂದುವರಿಯಿತು. ಮಾತಾಡುವಾಗ ಅವರ ದನಿ ಗಂಟೆಯಂತಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕೇಳದ ಹಾಡಿಗೆ ಚಪ್ಪಾಳೆ ಹೊಡೆದು ಅವಮಾನ ಮಾಡುವ ಜನ ಅಲ್ಲ ನಾವು.

ಎರಡನೇ ಹಾಡು ಹಾಗೇ ಆಯಿತು, ಮೂರನೆಯದೂ. ನಾಲ್ಕನೆಯದರಲ್ಲಿ ಪಾದಗಳು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದವು. ನಾನು ತಡೆಯಲಾರದೆ ತಲೆ ಎತ್ತಿದೆ. ಅವರು ಮುನ್ನೂರು ಜನರ ಮೇಲೆ ಕಣ್ಣಾಡಿಸುತ್ತ ಯಾವುದಾದರೂ ಒಂದು ಮುಖ ಹುಡುಕುತ್ತಿದ್ದರು. ಅವರಿಗೆ ಕಾಣುತ್ತಿದ್ದದ್ದು ರುಮಾಲು, ತುರುಬು, ಬೋಳುತಲೆ, ಮಲ್ಲಿಗೆ ದಂಡೆ. ಹುಡುಕುವ ಕಣ್ಣು ನನ್ನ ಕಣ್ಣಿಗೆ ಬಂದು ಸಿಕ್ಕಿತು. ಸಿಕ್ಕಿದ ಕೂಡಲೇ ನಾನು ಸಂಭಾವಿತನಂತೆ ತಲೆ ತಗ್ಗಿಸಿದೆ.

ಆರನೇ ಹಾಡಿಗೆ ರಾಣಿ ಓಣಿಯೊಂದರ ಬಡವಿಯ ಮನೆಯಲ್ಲಿ, ಮೂರು ದಿನ ಉಪವಾಸವಿದ್ದು, ತಣ್ಣಗಾದ ಒಲೆಯ ಮುಂದೆ ಕೂತಿದ್ದಳು. ಆಗ ಪಾದಗಳು ಅಲ್ಲಾಡಲಿಲ್ಲ. ಹಾಡು ಮುಗಿಯಿತೋ ಇಲ್ಲವೋ, ಅವರು ಎದ್ದು ಒಳಗೆ ಹೋದರು. ಪರದೆ ಬಿತ್ತು. ಫಕೀರಪ್ಪನವರು ಅರ್ಧ ಕಿತ್ತ ಮೀಸೆಯಲ್ಲಿ ಬಂದು ಕೈಮುಗಿದು, ಕಲಾವಿದೆಯ ಮೈಯಲ್ಲಿ ಹುಷಾರಿಲ್ಲ, ಪ್ರೇಕ್ಷಕರು ಕ್ಷಮಿಸಬೇಕು ಎಂದರು. ಜನ ಬಹಳ ಮರುಗಿ ಎದ್ದು, "ನಾಳೆ ಮೂರಕ್ಕ ಬರೂಣು" ಎಂದು ಒಬ್ಬರಿಗೊಬ್ಬರು ಹೇಳುತ್ತ ಹೋದರು.

ಬಣ್ಣದ ಕೋಣೆಗೆ ಹೋದೆ. ಇಂದುಮತಿಬಾಯಿಯವರು ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ಒರೆಸುತ್ತಿದ್ದರು. ದಾವಲಸಾಬರು ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾರ, ಭಾಳ ಚಂದ ಆತ್ರಿ," ಎಂದೆ.

"ಏನು ಚಂದ ಆತಪ್ಪಾ?"

"ಹಾಡು... ನಾಳೆ ಕೇಳಿದ ಮ್ಯಾಲೆ ಗೊತ್ತಾಗ್ತೈತಿ ಖರೆ, ಆದ್ರೂ..."

ಅವರು ಅರ್ಧ ಬಿಳಿ ಅರ್ಧ ಕಂದು ಮುಖವನ್ನು ತಿರುಗಿಸಿದರು. "ದಾವಲಣ್ಣಾ, ಕೇಳಿದಿ? ನಾಳೆ ಕೇಳ್ತಾರಂತ. ಈ ಊರಾಗ ಹೆಣದ ಮುಂದನೂ ಚ್ಯಾಷ್ಟಿ ಮಾಡ್ತಾರೇನೋ." ಆಮೇಲೆ ಕನ್ನಡಿಗೆ ಹೇಳಿದರು, "ಡಾಕ್ಟರ್ ಆರು ತಿಂಗಳ ಹಿಂದ ಹೇಳಿದ್ರು, ಗಂಟಲದಾಗ ಗಂಟೈತಿ, ಮಾತು ಉಳೀತೈತಿ, ಹಾಡು ಒಂದಿನ ಕೈ ಕೊಡತೈತಿ ಅಂತ. ಕೊಟ್ಟಿತು. ಜನ ನನ್ನ ಮಾರಿ ನೋಡಾಕೂ ನಾಚಿ ತಲಿ ತಗ್ಗಿಸಿದ್ರಲ್ಲ, ಅದನ್ನ ಹೆಂಗ ಮರೀಲಿ?"

ನಾನು ಹಲಗೆಯ ಮೇಲೆ ಬರೆಯದೆ ಬಿಟ್ಟದ್ದು ಏನೆಂದು ಆಗ ಹೊಳೆಯಿತು. ಅಲ್ಲೇ ನಿಂತು ತೊಟ್ಟಿಲಿನಿಂದ ಹಿಡಿದು ಅಜ್ಜಿಯ ಬೀಸುಕಲ್ಲಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಆತಪಾ, ಇನ್ನ ಹೋಗು," ಎಂದರು. "ನಾಳೆ ಲಾರಿ ಹತ್ತಿದ್ರ ನಾ ಮುಂದಿನ ಊರಾಗ ಇಳಿಯೂದಿಲ್ಲ. ಸೀದಾ ತಂಗಿ ಮನಿಗೆ. ಶ್ಯಾವಿಗಿ ಹೊಸಕೋತ ಕೂಡ್ತೀನಿ. ಇನ್ನ ಹಾಡಾಕಂತ ಈ ಬಾಯಿ ತೆರಿಯೂದಿಲ್ಲ."

ಹೊರಗೆ ಬಂದು ದಾವಲಸಾಬರಿಗೆ ಹೇಳಿದೆ, "ಸೇತುವಿ ದಾಟಿದ ಮ್ಯಾಲೆ ಒಂದ ಸಲ ಗುನುಗಿದ್ರ ಸಾಕ್ರಿ, ಅಲ್ಲಿ ಆಗಲೇ ಕೇಳ್ತೈತಿ, ಗೊತ್ತಾಗ್ತೈತಿ."

ಮುದುಕರು ತಲೆ ಅಲ್ಲಾಡಿಸಿದರು. "ಐದಾರು ಸಲ ಕರದ್ರೂ ಬರದಿದ್ದನ್ನ ಮತ್ತ ಕರಿಯಾಕಿ ಅಲ್ಲಪ್ಪ ಆಕಿ. ನಾ ಬಲ್ಲೆ."

ಮನೆಗೆ ಬಂದಾಗ ನೀಲಾ ಆಗಲೇ ಕಂಪನಿಯವರು ಮಾರಿದ್ದ ನಾಟಕದ ಹಾಡಿನ ಪುಸ್ತಕ ಹಿಡಿದುಕೊಂಡು ಕೂತಿದ್ದಳು. ನಡೆದದ್ದು ಕೇಳಿ ಪುಸ್ತಕ ಮಡಚಿಟ್ಟಳು. "ಊರಿಗೆಲ್ಲ ಹಲಗಿ ಬರಿಯೂ ಮನಶ್ಯಾ, ಹಾಡಾಕಿಗೆ ಒಂದ ಮಾತು ಹೇಳಲಿಲ್ಲ?"

"ಈಗ ಹೇಳೀನಲ್ಲ, ನಂಬವೊಲ್ಲರು."

"ಹೇಳಿದ್ರ ಯಾರು ನಂಬ್ತಾರ್ರೀ? ನಾಳೆ ಹತ್ತಕ್ಕ ರೊಟ್ಟಿ ಉಣ್ಣಾಕ ಕರಕೊಂಡ ಬರ್ರಿ. ಹತ್ತಕ್ಕ ಅಂದ್ರ ಹತ್ತಕ್ಕ, ಐದು ನಿಮಿಷ ಮೊದಲ."

ಬಿಸಿ ರೊಟ್ಟಿ ಎಂದ ಮೇಲೆ ದಾವಲಸಾಬರು ಬಿಡಲಿಲ್ಲ. ಅವರ ಒತ್ತಾಯಕ್ಕೆ ಇಂದುಮತಿಬಾಯಿಯವರೂ ಬಂದರು. ನೀಲಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಬದನೆಕಾಯಿಗೆ ಈ ಸಲ ಹುಳ ಜಾಸ್ತಿ ಎಂದು ಹೇಳುತ್ತಿದ್ದಳು. ಕೂಸು ತೊಟ್ಟಿಲಲ್ಲಿ ಕಾಲು ಒದೆಯುತ್ತ ಅಳುತ್ತಿತ್ತು. ಗೋಡೆಯ ಗಡಿಯಾರ ಹತ್ತು ಹೊಡೆದು ಮುಗಿಸಿದ ಮೇಲೆ, ತೊಟ್ಟಿಲ ಬಲಗಡೆಯಿಂದ, ಯಾರೂ ಇಲ್ಲದ ಜಾಗದಿಂದ, ನೀಲಾಳ ದನಿ ಎದ್ದಿತು. ಅಷ್ಟೇನೂ ಸ್ವರಕ್ಕೆ ಕೂಡದ, ಸ್ವಲ್ಪ ಮೂಗಿನ ಜೋಗುಳ. ಕೂಸು ಅಳು ನಿಲ್ಲಿಸಿತು.

ಇಂದುಮತಿಬಾಯಿಯವರ ಕೈಯ ತುತ್ತು ಅಲ್ಲೇ ನಿಂತಿತು. ಅವರು ತೊಟ್ಟಿಲ ಕಡೆ ನೋಡಿದರು, ಆಮೇಲೆ ನೀಲಾಳ ತುಟಿಯನ್ನು. ನೀಲಾ ರೊಟ್ಟಿ ಮಗುಚುತ್ತ ಹೇಳಿದಳು, "ಅದು ನಿನ್ನೀದ್ರಿ ಅಮ್ಮಾರ. ನಿನ್ನೆ ಜರಾ ನೆಗಡಿ ಆಗಿತ್ತು."

ಅವರು ಎದ್ದು ಹೋಗಿ ತೊಟ್ಟಿಲ ಸುತ್ತ ಗಾಳಿಯಲ್ಲಿ ಕೈಯಾಡಿಸಿದರು, ಅಲ್ಲಿ ಯಾವುದಾದರೂ ದಾರ ಕಟ್ಟಿದೆಯೇನೋ ಎನ್ನುವ ಹಾಗೆ. ಜೋಗುಳ ಮುಗಿಯುವವರೆಗೂ ಅಲ್ಲೇ ನಿಂತಿದ್ದು, ಬಂದು ಕೂತರು.

"ಹಂಗಾದ್ರ ನಾ ನಿನ್ನೆ ಹಾಡಿದ್ದು..."

"ಇವತ್ತ ಮೂರಕ್ಕ ಬರ್ತೈತ್ರಿ," ಎಂದಳು ನೀಲಾ.

"ಎಲ್ಲಾ?"

"ಎಲ್ಲಾ ಬರ್ತೈತ್ರಿ."

"ಆರನೇದೂ?"

"ಆರನೇದೂ."

ಈಗ ಅವರ ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅದು ಇನ್ನೂ ಬಾಡಿತು. "ಅದನ್ನ ತಡಿಯಾಕ ಬರ್ತೈತೇನು?" ಎಂದರು.

"ಯಾಕ್ರಿ?"

"ಐದು ಹಾಡು ಒದರೇನಿ, ಅದು ಇರಲಿ. ಆರನೇದು ಯಾರಿಗೂ ಕೇಳೂದಿಲ್ಲ ಅಂತ ತಿಳಕೊಂಡ ಹಾಡೇನಿ. ಮುರಕಿ ಇಲ್ಲ, ತಾನ್ ಇಲ್ಲ, ಯಾವ ಸಿಂಗಾರನೂ ಇಲ್ಲ. ಒಬ್ಬಾಕಿನ ಕೂತಾಗ ಮನಿಶಾ ಹೆಂಗಿರ್ತಾನೋ ಹಂಗ ಇದ್ದೆ. ಗಂಟಲಾ ಒಡದಿದ್ರ ಅದೂ ಗೊತ್ತಿಲ್ಲ. ಅದನ್ನ ಊರಾಗಿನ ಮಂದಿ ಕೂತು ಕೇಳ್ತಾರಂದ್ರ..." ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಇಲ್ಲ. ಮೂರರೊಳಗ ಹೊಂಡೂಣು, ದಾವಲಣ್ಣ. ದನಿ ಐತಿ ಅಂತ ಗೊತ್ತಾತಲ್ಲ, ಸಾಕು."

"ಐತೋ ಇಲ್ಲೋ ನಿನಗ ಇನ್ನೂ ಗೊತ್ತಾಗಿಲ್ಲ," ಎಂದರು ದಾವಲಸಾಬರು. ಅವರು ನಾಲ್ಕನೇ ರೊಟ್ಟಿಯಲ್ಲಿದ್ದರು. "ಈ ಕೂಸಿನ ತಾಯಿ ದನಿ ಐತಿ ಅಂತ ಗೊತ್ತಾತು. ನೀ ಹೋಗೂದಾದ್ರ ಹೋಗು, ಇಂದವ್ವ. ನಾ ಕೂತ ಕೇಳಿ ಬರ್ತೀನಿ. ಮೂವತ್ತು ವರ್ಷ ನಿನಗ ಪೇಟಿ ಹಿಡದೀನಿ, ನನ್ನ ಕಿವಿ ಯಾವಾಗಲೂ ಬೆರಳಿನ ಮ್ಯಾಲನ. ನಿನ್ನ ಹಾಡು ನಾ ಒಂದ ಸಲನೂ ಸುಮ್ಮನ ಕೂತು ಕೇಳಿಲ್ಲ."

ನೀಲಾ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿದಳು.

"ನಾನರ ಕೇಳೀನೇನು?" ಎಂದರು ಇಂದುಮತಿಬಾಯಿ. "ಹನ್ನೆರಡು ವರ್ಷದಾಕಿ ಇದ್ದಾಗ ಪರದೇ ಹಿಂದ ಹೋಗೀನಿ. ಎದುರಿಗೆ ಕೂತು ಒಂದ ನಾಟಕಾ ನೋಡಿಲ್ಲ, ಗೊತ್ತೈತಿ?"

ಅಷ್ಟರಲ್ಲಿ ಲಾರಿ ನಮ್ಮ ಬಾಗಿಲಿಗೇ ಬಂದು ಹಾರನ್ ಹೊಡೆಯಿತು. ಫಕೀರಪ್ಪನವರು ಇಳಿದು, ಮುಂದಿನ ಊರಲ್ಲಿ ಪರದೆ ಕಟ್ಟುವುದು ಯಾವಾಗ ಎಂದು ಕೂಗಾಡಿದರು. ದಾವಲಸಾಬರು ವಿಷಯ ತಿಳಿಸಿದರು. ಫಕೀರಪ್ಪನವರು ಎರಡು ಸಲ ಕೇಳಿ, ತಲೆ ಕೆರೆದುಕೊಂಡು, "ಹಂಗಾದ್ರ ನಾ ಮತ್ತ ಮೀಸಿ ಹಚ್ಚಬೇಕೇನು?" ಎಂದರು.

"ಬ್ಯಾಡ್ರಿ," ಎಂದಳು ನೀಲಾ. "ಇವತ್ತ ಬರೇ ಕೇಳೂದು. ನೀವೂ ಒಂದ ರೊಟ್ಟಿ ತಿನ್ರಿ."

ಮೂರಕ್ಕೆ ಸಭಾಮಂದಿರ ಶನಿವಾರದ ಹಾಗೆಯೇ ತುಂಬಿತ್ತು. ಅರಮನೆ, ಕೊಳ, ಹಂಸ ಎಲ್ಲ ಆಗಲೇ ಸುತ್ತಿಕೊಂಡು ಲಾರಿ ಸೇರಿದ್ದವು. ವೇದಿಕೆ ಬರೀ ಹಲಗೆ. ಕೆಳಗೆ ದಾವಲಸಾಬರು ಪೇಟಿ ತೆರೆದುಕೊಂಡು ಕೂತರು. ಇಂದುಮತಿಬಾಯಿಯವರು ತಲೆಯ ಮೇಲೆ ಸೆರಗು ಹೊದ್ದು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ, ಎದ್ದು ಹೋಗಲು ಅನುಕೂಲವಾಗುವಂತೆ ಕೂತರು. ನೀಲಾ ಅವರ ಪಕ್ಕದಲ್ಲಿದ್ದಳು. ನಾನು ನನ್ನ ಬಾಗಿಲಲ್ಲಿ.

ಕೇಳುವ ದಿನ ನಾವು ತಲೆ ತಗ್ಗಿಸುವುದಿಲ್ಲ. ದನಿ ಏಳುವ ಜಾಗವನ್ನೇ ನೋಡುತ್ತೇವೆ. ಮೂರೂ ಹನ್ನೆರಡಕ್ಕೆ ವೇದಿಕೆಯ ಅಂಚಿನಿಂದ ಒಂದು ಮಾರು ಒಳಗೆ, ಆಳೆತ್ತರದಲ್ಲಿ, ಮೊದಲ ಹಾಡು ಎದ್ದಿತು. ಮುನ್ನೂರು ಮುಖಗಳು ಆ ಖಾಲಿ ಜಾಗದ ಕಡೆಗೆ ತಿರುಗಿ ಮೇಲೆದ್ದವು. ನಿನ್ನೆ ಅವರು ಹುಡುಕಿದ ಮುಖಗಳೆಲ್ಲ ಅಲ್ಲಿದ್ದವು. ನಾನು ಕೊನೆಯ ಸಾಲಿನ ಕಡೆ ನೋಡಿದೆ. ಸೆರಗಿನ ಒಳಗಿನಿಂದ ಎರಡು ಕಣ್ಣು ಹಾಡನ್ನು ಬಿಟ್ಟು ಜನರನ್ನೇ ನೋಡುತ್ತಿದ್ದವು.

ಎರಡನೆಯ ಹಾಡಿಗೆ ದನಿ ದೊಡ್ಡದಾಯಿತು. ಮೂರನೆಯದು ನಿಜವಾಗಿಯೂ ಒದರಿದ್ದೇ. ಛಾವಣಿಯ ಗುಬ್ಬಿಗಳು ಹಾರಿಹೋದವು. ನಾಲ್ಕನೆಯದಕ್ಕೆ ಜನ ಹಾಡಿನ ಪುಸ್ತಕದ ಹಾಳೆ ಮಗುಚತೊಡಗಿದರು. ಪುಸ್ತಕದಲ್ಲಿ ಇದ್ದದ್ದು ವಸಂತದ ವರ್ಣನೆ. ಕೇಳಿಸುತ್ತಿದ್ದದ್ದು ಬೇರೆ. ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ, ಅದೇ ರಾಗದಲ್ಲಿ, ದನಿ ತನ್ನನ್ನೇ ತಾನು ಕರೆಯುತ್ತಿತ್ತು: "ಎಲ್ಲಿ ಹೋದಿಯೇ, ಎಲ್ಲಿ ಹೋದಿಯೇ, ಹೇಳದೆ ಕೇಳದೆ ಎಲ್ಲಿ ಹೋದಿಯೇ..."

"ಇದು ಪುಸ್ತಕದಾಗ ಇಲ್ಲಲ್ಲೋ," ಎಂದರು ಯಾರೋ.

ಮುಂದಿನ ಸಾಲಿನಿಂದ ಕಮ್ಮಾರ ಮಾನಪ್ಪಜ್ಜ ಕೂಗಿದರು, "ಎಲ್ಲೂ ಹೋಗಿಲ್ಲವ್ವಾ, ಇಲ್ಲೇ ಅದೀಯಲ್ಲ! ಹಾಡು!"

ಸಭೆ ನಕ್ಕಿತು. ಕೊನೆಯ ಸಾಲಿನಲ್ಲಿ ಸೆರಗಿನೊಳಗೆ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

ಆರನೆಯದು ನೆಲದ ಹತ್ತಿರದಿಂದ ಎದ್ದಿತು, ಒಲೆ ಇಟ್ಟಿದ್ದ ಜಾಗದಿಂದ. ಎರಡು ಸಾಲು ಆಗುವುದರೊಳಗೆ ದಾವಲಸಾಬರು ಪೇಟಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅದು ಸಣ್ಣ ದನಿ. ಮುಸುರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಬರುವಂಥದ್ದು. ಮುಂದಿನವರು ಇನ್ನೂ ಮುಂದಕ್ಕೆ ಬಾಗಿದರು. ಒಲೆಗೆ ಮಾತಾಡಿಸಿದಂತೆ ಸಾಗಿ, ಹಾಡು ಮೇಲಿನ ಸ್ವರಕ್ಕೆ ಕೈ ಚಾಚಿತು. ಅಲ್ಲಿ ಒಡೆಯಿತು. ಒಣಗಿದ ರೊಟ್ಟಿ ಮುರಿದಂತೆ ಎರಡು ತುಂಡಾಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಡೆದ ಅರ್ಧವನ್ನೇ ಎತ್ತಿಕೊಂಡು ಹಾಡು ಮೆಲ್ಲಗೆ ಕೆಳಗೆ ಬಂತು.

ಶನಿವಾರದ ಚಪ್ಪಾಳೆಯೆಲ್ಲ ಸೇರಿ ಆಗ ಬಂತು. ಇಂದುಮತಿಬಾಯಿಯವರು ಅಲ್ಲಾಡದೆ ಕೂತಿದ್ದರು. "ಒಡೀತು," ಎಂದರು ಕೊನೆಗೆ.

"ಒಡದಿದ್ದಕ್ಕ ನಂಬಿದೆ ನೋಡ್ರಿ," ಎಂದಳು ನೀಲಾ, ಕಣ್ಣೊರೆಸಿಕೊಳ್ಳುತ್ತ. "ಅಲ್ಲೀತನಕ, ರಾಣಿ ಎಲ್ಲೆ ಮೂರು ದಿನ ಉಪವಾಸ ಇರ್ತಾಳ, ಕದ್ದಾದ್ರೂ ತಿಂದಿರ್ತಾಳ ಅಂತಿದ್ದೆ. ಆ ದನಿ ಕೇಳಿ ಹೊಟ್ಯಾಗ ಚುರ್ ಅಂತು. ಪಾಪ, ಖರೇನ ಉಂಡಿಲ್ಲ ಈಕಿ."

"ನಾಟಕ ಇದ್ದ ದಿನ ನಾ ಉಣ್ಣೂದಿಲ್ಲ, ತಂಗಿ," ಎಂದರು ಇಂದುಮತಿಬಾಯಿ. ಆಮೇಲೆ ಖಾಲಿ ವೇದಿಕೆಯನ್ನು ನೋಡುತ್ತ, "ಎದುರಿಗೆ ಕೂತ್ರ ಹಿಂಗ ಇರ್ತೈತೇನು?" ಎಂದರು.

ಜನ ಎದ್ದು ಹೋಗಲಿಲ್ಲ. ಪುಸ್ತಕದಲ್ಲಿ ಹನ್ನೊಂದು ಹಾಡು, ಆಗಿರುವುದು ಆರು. ರಾಣಿ ಅರಮನೆಗೆ ಮರಳುವಾಗ ಓಣಿಯವರಿಗೆ ಹೇಳುವ ಕೊನೆಯ ಹಾಡನ್ನು ಅರ್ಧ ಊರು ಆಗಲೇ ಓದಿ ಬಾಯಿಪಾಠ ಮಾಡಿತ್ತು. ಆದರೆ ಹಾಡದೆ ಇದ್ದದ್ದು ಯಾವ ದಿನವೂ ಕೇಳಿಸುವುದಿಲ್ಲ. ಹೊರಗೆ ಲಾರಿಯ ಹಾರನ್ ನಿಲ್ಲುತ್ತಲೇ ಇರಲಿಲ್ಲ. ಫಕೀರಪ್ಪನವರು ಎರಡು ಕೈ ಜೋಡಿಸಿ, ಇನ್ನು ಒಂದು ತಾಸು ತಡವಾದರೆ ಮುಂದಿನ ಊರಿನವರು ತಮ್ಮನ್ನು ಮಂತ್ರಿ ವೇಷದಲ್ಲೇ ಹೂಳುತ್ತಾರೆ ಎಂದರು.

ಐದೂವರೆಗೆ ಲಾರಿ ಹೊರಟಿತು. ಇಂದುಮತಿಬಾಯಿಯವರು ಮುಂದೆ ಕೂರಲು ಒಪ್ಪದೆ, ಹಿಂಬದಿಯಲ್ಲಿ ಸುತ್ತಿಟ್ಟ ಅರಮನೆಯ ಮೇಲೆ, ನಮ್ಮ ಕಡೆ ಮುಖ ಮಾಡಿ ಕೂತಿದ್ದರು. ದಾವಲಸಾಬರು ಪಕ್ಕದಲ್ಲಿ. ಇಡೀ ಊರು ರಸ್ತೆಯ ಎರಡು ಬದಿಗೆ ನಿಂತಿತ್ತು. ಲಾರಿ ಸಭಾಮಂದಿರದ ಬಾಗಿಲು ಬಿಡುತ್ತಿದ್ದಂತೆ ದಾವಲಸಾಬರು ಪೇಟಿಯ ಮೇಲೆ ಒಂದು ಸ್ವರ ಒತ್ತಿ ಹಿಡಿದರು. ಇಂದುಮತಿಬಾಯಿಯವರು ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿ, ಬಾಯಿ ತೆರೆದರು.

ಎರಡೂ ಬದಿಯ ತಲೆಗಳು ಸಾಲಾಗಿ ಕೆಳಗಾದವು, ಗಾಳಿಗೆ ಜೋಳದ ತೆನೆ ಬಾಗಿದಂತೆ.

ನಾನು ತಗ್ಗಿಸಲಿಲ್ಲ. ರಸ್ತೆಯ ನಡುವೆ ನಿಂತು ನೇರವಾಗಿ ನೋಡಿದೆ. ಅವರೂ ನನ್ನನ್ನು ನೋಡಿದರು. ಲಾರಿ ಬಾವಿಯ ಹತ್ತಿರ ತಿರುಗಿ ಮರೆಯಾಗುವವರೆಗೂ ನನ್ನ ಮುಖ ನೋಡುತ್ತಲೇ ಹಾಡಿದರು. ಆಮೇಲೆ ಹೋಗಿ ಕರಿಹಲಗೆ ಒರೆಸಿ ಬರೆದೆ: ಭಾನುವಾರ ಸಂಜೆ ಐದೂವರೆ. ಇಂದುಮತಿಬಾಯಿಯವರು. ರಾಣಿಯ ಕೊನೆಯ ಹಾಡು. ಜಾಗ: ರಸ್ತೆ.

ಸೋಮವಾರ ಊರಿನಲ್ಲಿ ಮತ್ತೆ ಜಗಳ. ಹಾಡು ಲಾರಿಯ ಮೇಲೆ ಹಾಡಿದ್ದು, ಲಾರಿ ಹೋದಂತೆ ರಸ್ತೆಯುದ್ದಕ್ಕೂ ಚೆಲ್ಲಿಕೊಂಡು ಹೋಗಿರುತ್ತದೆ. ಒಂದೇ ಕಡೆ ನಿಂತರೆ ಒಂದೇ ಸಾಲು. ಮಾನಪ್ಪಜ್ಜನಂಥವರು ತಮಗೆ ಬೇಕಾದ ಸಾಲನ್ನು ಲೆಕ್ಕ ಹಾಕಿ ಅಲ್ಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕಾಲಿನಲ್ಲಿ ಕಸುವಿದ್ದವರು ಬೆನ್ನು ಹತ್ತಲು ನಿಂತರು. ನಮ್ಮ ರಸ್ತೆಯ ಗುಂಡಿಗಳಲ್ಲಿ ಯಾವ ಲಾರಿಯೂ ಎತ್ತಿನ ಗಾಡಿಗಿಂತ ಜೋರಾಗಿ ಹೋಗಲಾರದು ಎಂಬುದೊಂದು ಸಮಾಧಾನ. ನಾನು ಸೈಕಲ್ ತಂದೆ. ನೀಲಾ ಕೂಸನ್ನು ಎದೆಗೆ ಕಟ್ಟಿಕೊಂಡು ಹಿಂದೆ ಕೂತಳು.

ಐದೂವರೆಗೆ ಸಭಾಮಂದಿರದ ಬಾಗಿಲ ಮುಂದೆ, ಲಾರಿಯ ಎತ್ತರದಲ್ಲಿ, ದನಿ ಎದ್ದಿತು: "ಬಿಟ್ಟು ಹೊರಟೆ ನಿಮ್ಮ ಓಣಿ..." ಎದ್ದದ್ದೇ ಹೊರಟಿತು. ನಾವು ಹಿಂದೆ ಓಡಿದೆವು. ಬಾವಿಯ ತಿರುವಿನಲ್ಲಿ "ಬಿಡದು ಓಣಿ ನನ್ನನು" ಸಿಕ್ಕಿತು. ಗುಂಡಿಯಲ್ಲಿ ಲಾರಿ ಕುಲುಕಿದ ಕಡೆ ದನಿಯೂ ಕುಲುಕಿತು, ಓಡುತ್ತಿದ್ದವರು ಓಡುತ್ತಲೇ ನಕ್ಕರು. ಗಿರಣಿಯ ಮುಂದೆ "ತಟ್ಟಿ ಕೊಟ್ಟ ರೊಟ್ಟಿ ಬಿಸಿ" ಹೋಯಿತು. ಶಿವಲಿಂಗಪ್ಪನವರ ಹೆಂಡತಿ ಕಟ್ಟೆಯ ಮೇಲೆ ಎದ್ದು ನಿಂತು ಅದಕ್ಕೆ ಕೈಮುಗಿದರು. ಹುಣಸೆಮರದ ಹತ್ತಿರ "ಅಂಗೈಯೊಳಗೆ ಇನ್ನೂ ಇದೆ" ಎಂಬ ಸಾಲು ಸಿಕ್ಕಿತು. ಅಲ್ಲಿ ಸಣ್ಣದೊಂದು ಬಿರುಕು. ದನಿ ಅದನ್ನು ಮುಚ್ಚಲು ಹೋಗಲಿಲ್ಲ. ನಿನ್ನೆ ಎದುರಿಗೆ ಕೂತು ಕೇಳಿದವರ ದನಿ ಅದು.

ಸೇತುವೆ ಬಂತು. "ತಿರುಗಿ ನೋಡೆನೆಂದುಕೊಂಡೆ," ಎಂದಿತು ದನಿ, ಸೇತುವೆಯ ಮೇಲೆ ಹತ್ತಿ, ಇಷ್ಟಿಷ್ಟೇ ಮೇಲಿನ ಸ್ವರಕ್ಕೆ ಏರುತ್ತ, "ತಿರುಗಿತಲ್ಲ..."

ಅಷ್ಟೇ. ಸೇತುವೆಯ ಆ ಕೊನೆಯ ಕಲ್ಲಿನ ಹತ್ತಿರ ಕತ್ತರಿಸಿದಂತೆ ನಿಂತಿತು. ಅಲ್ಲಿಗೆ ನಮ್ಮ ಊರು ಮುಗಿಯುತ್ತದೆ. ಸೈಕಲ್‌ಗಳು, ಓಡಿ ಬಂದವರು, ಏದುಸಿರು, ಕೆಳಗೆ ಹಳ್ಳದ ನೀರು. ಉಳಿದ ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಪುಸ್ತಕದಲ್ಲಿತ್ತು. 'ಕಣ್ಣು.' ಹನ್ನೊಂದು ಹಾಡಿನಲ್ಲೇ ಎಲ್ಲಕ್ಕಿಂತ ಮೇಲಿನ ಸ್ವರ ಅದರದ್ದು. ಅದು ಸೇತುವೆಯ ಆಚೆ, ನಿನ್ನೆಯೇ, ಹಾಡಿದ ಗಳಿಗೆಯಲ್ಲಿಯೇ, ಅರಮನೆಯ ಮೇಲೆ ಕೂತು ಹಾಡುತ್ತಿದ್ದವರ ಕಿವಿಗೆ ಬಿದ್ದಾಗಿತ್ತು.

"ಅಮ್ಮಾರಿಗೆ ಕೇಳಿರ್ತೈತಲ್ರೀ?" ಎಂದಳು ನೀಲಾ.

"ಕೇಳಿರ್ತೈತಿ."

"ಏರಿತೋ ಒಡೀತೋ?"

"ಕೇಳೈತಿ, ಸಾಕಲ್ಲ."

ಜನ ಒಬ್ಬೊಬ್ಬರಾಗಿ ಹಿಂದಿರುಗಿದರು. ನೀಲಾ ಹೊರಡಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ದನಿ ನಿಂತ ಕಲ್ಲಿನ ಹತ್ತಿರ, ಈಚೆ ಬದಿಯಲ್ಲೇ, ಆಚೆಗೆ ಮುಖ ಮಾಡಿ ನಿಂತಳು. ಉಸಿರು ಎಳೆದುಕೊಂಡು ಬಾಯಿ ತೆರೆದಳು. ಆ ಒಂದು ಮಾತನ್ನು ಹಾಡುತ್ತಿದ್ದಳು. ಸರಿಯಾಗಿತ್ತೋ ಇಲ್ಲವೋ ನಾಳೆ ಐದೂ ಮುಕ್ಕಾಲಿಗೆ ಇಲ್ಲಿಗೆ ಬಂದರೆ ಗೊತ್ತಾಗುತ್ತದೆ.

ನನ್ನ ಕುತ್ತಿಗೆ ಅಭ್ಯಾಸಬಲದಿಂದ ಬಾಗಿತು. ಅದನ್ನು ಎತ್ತಿದೆ. ಆರು ವರ್ಷ ಒಂದೇ ಮನೆಯಲ್ಲಿ ಇದ್ದೇವೆ. ಹಾಡುವಾಗ ಅವಳ ಎಡಹುಬ್ಬು ಬಲಹುಬ್ಬಿಗಿಂತ ಮೇಲೆ ಹೋಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.